ಸರಃಶೋಷ, ವಿಷವಾಣಿಜ್ಯ ಮತ್ತು ಏರೋಪ್ಲೇನ್ ಚಿಟ್ಟೆ

ಶ್ರವಣಬೆಳಗೊಳದ ಹೆಸರಿನೊಳಗೇ ಒಂದು ಕೊಳವಿದೆ. ಬೆಳ್ ಎಂದರೆ ಬಿಳಿದು. ಬೆಳ್ಗೊಳವೆಂದರೆ ಬಿಳಿಯ ಕೊಳ. ಸಂಸ್ಕೃತ ಶಾಸನಗಳು ಇದನ್ನೇ ಧವಳಸರಸವೆಂದೂ ಶ್ವೇತಸರೋವರವೆಂದೂ ಕರೆದಿವೆ. ಬೆಟ್ಟದ ಮೇಲೆ ಗೊಮ್ಮಟನು ನಿಂತ ಬಳಿಕವೂ ಊರು ತನ್ನ ಹೆಸರನ್ನು ಬೆಟ್ಟಕ್ಕಾಗಲಿ ಮೂರ್ತಿಗಾಗಲಿ ಬಿಟ್ಟುಕೊಡಲಿಲ್ಲ, ನೀರಿನಲ್ಲಿಯೇ ಇರಿಸಿಕೊಂಡಿತು. ಅದೇ ಊರಿನಲ್ಲಿ ಗಂಗರಾಜನ ಅಣ್ಣನ ಮಡದಿ ಜಕ್ಕಣಬ್ಬೆಯ ಹೆಸರನ್ನು ಹೊತ್ತ ಜಕ್ಕಿಕಟ್ಟೆಯಿದೆ, 17ನೆಯ ಶತಮಾನದ ಚೆನ್ನಣ್ಣನ ಕೊಳವಿದೆ. ಅಲ್ಲಿಂದ ಪೂರ್ವಕ್ಕೆ ನಾಗಮಂಗಲ ತಾಲೂಕನ್ನು ಪ್ರವೇಶಿಸಿದರೆ ಊರ ಹೆಸರುಗಳೇ ಜಲಾಶಯಗಳ ಪಟ್ಟಿಯಂತಿವೆ: ಹೊಣಕೆರೆ, ಲಾಳನಕೆರೆ, ಮತ್ತು ಶಾಸನಗಳಲ್ಲಿ ದಡಿಗನಕೆರೆಯೆಂದು ಕಾಣಿಸುವ ದಡಗ. ಕಂಬದಹಳ್ಳಿಯ ಪಂಚಕೂಟ ಬಸದಿ ಈ ತಾಲೂಕಿನದು. ಇದೇ ಸೀಮೆಯ ದೇವರಹಳ್ಳಿಯಲ್ಲಿ ದೊರೆತ ಶ್ರೀಪುರುಷನ ತಾಮ್ರಶಾಸನವು ಶಕ 698ರಲ್ಲಿ, ಎಂದರೆ ಕ್ರಿ.ಶ. 776ರಲ್ಲಿ, ಕುಂದಾಚ್ಚಿಯೆಂಬ ರಾಣಿ ಶ್ರೀಪುರದಲ್ಲಿ ಮಾಡಿಸಿದ ಲೋಕತಿಲಕ ಜಿನಾಲಯಕ್ಕೆ ಪೊನ್ನಳ್ಳಿಯೆಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟುದನ್ನು ಹೇಳುತ್ತದೆ.

ಇಂತಹ ಶಾಸನಗಳನ್ನು ಓದುವ ವಿದ್ಯಾರ್ಥಿಯ ಕಣ್ಣು ಸಹಜವಾಗಿ ದಾನಿಯ ವಂಶದ ಮೇಲೆ, ಗುರುಪರಂಪರೆಯ ಮೇಲೆ, ತಿಥಿ ವಾರಗಳ ಮೇಲೆ ನಿಲ್ಲುತ್ತದೆ. ಕೆರೆಯ ಕೆಳಗಣ ಗದ್ದೆ, ಕಟ್ಟೆಯ ಮೂಡಣ ಬೆದ್ದಲು ಎಂಬ ಮಾತುಗಳು ಎಲ್ಲೆ ಹೇಳುವ ಪದಗಳಾಗಿ ಮಾತ್ರ ಉಳಿದುಬಿಡುತ್ತವೆ. ಆ ಕಟ್ಟೆಯ ನೀರಿನೊಳಗೆ ಏನಿತ್ತು, ಆ ಬೆದ್ದಲಿನಲ್ಲಿ ನಡೆದ ಬೇಸಾಯವು ಅದನ್ನು ಹೇಗೆ ಕಾಯ್ದಿತು ಅಥವಾ ಕೆಡಿಸಿತು ಎಂಬ ಪ್ರಶ್ನೆ ಶಾಸನದ ಕಲ್ಲಿನಲ್ಲಿಲ್ಲ. ಆದರೆ ಅದು ಜೈನ ಶ್ರಾವಕಾಚಾರ ಗ್ರಂಥಗಳಲ್ಲಿದೆ. ಅಲ್ಲಿ ಅದು ಬಹಳ ನೇರವಾಗಿ, ಹೆಸರಿಟ್ಟು ಹೇಳಲಾದ ಪ್ರಶ್ನೆ.

ದೇವಲಾಪುರ ನಾಗಮಂಗಲ ತಾಲೂಕಿನ ಒಂದು ಹೋಬಳಿ ಕೇಂದ್ರ. ಕೃಷ್ಣರಾಜಸಾಗರದ ನಾಲೆಗಳಿಂದ ಹಸುರಾದ ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಬಯಲು ನೋಡಿ ಮಂಡ್ಯವೆಂದರೆ ಭತ್ತ, ಕಬ್ಬು ಎಂದು ತಿಳಿದವರಿಗೆ ಈ ಭಾಗ ಬೇರೆಯೇ ಜಿಲ್ಲೆಯಂತೆ ಕಂಡೀತು. ಇಲ್ಲಿ ರಾಗಿ, ಹುರುಳಿ, ಅವರೆ, ಬದುವಿನ ಮೇಲೆ ಹರಳು, ನೀರು ಸಿಕ್ಕಲ್ಲಿ ತೆಂಗು. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸಿನ ಮಳೆ, ಅದೂ ಹೇಳಿದ ಹೊತ್ತಿಗೆ ಬಾರದು. ಹೇಮಾವತಿಯ ನಾಲೆ ತಾಲೂಕಿನ ಕೆಲವು ಕಡೆಗಳಿಗೆ ತಲುಪಿದೆಯಾದರೂ ಇಲ್ಲಿನ ಬದುಕು ಮೂಲತಃ ಕಟ್ಟೆಯ ಬದುಕು. ದನ ಕುಡಿಯುವ ಗೋಕಟ್ಟೆ, ಹೊಲದ ತಗ್ಗಿನ ಕುಂಟೆ, ಊರ ಮುಂದಿನ ಕೆರೆ. ಮಳೆಗಾಲ ಮುಗಿಯುವ ಹೊತ್ತಿಗೆ ಇಂತಹ ಕಟ್ಟೆಯೊಂದರ ಅಂಚಿನಲ್ಲಿ ಸಂಜೆಯ ಬಿಸಿಲಿಗೆ ನಿಂತವರಿಗೆ ಮೊದಲು ಕಾಣಿಸುವುದು ಹಕ್ಕಿಯಲ್ಲ, ಮೀನಲ್ಲ, ಜೊಂಡಿನ ತುದಿಯಲ್ಲಿ ಕೂತು ಏಳುವ, ನಿಂತಲ್ಲೇ ನಿಂತು ಹಾರುವ ಆ ಹುಳು.

ಕನ್ನಡದ ಹುಡುಗರು ಅದನ್ನು ಏರೋಪ್ಲೇನ್ ಚಿಟ್ಟೆ ಎನ್ನುತ್ತಾರೆ. ವಿಮಾನ ಬಂದ ಮೇಲೆ ಹುಟ್ಟಿದ ಹೆಸರು. ಹುಳುವಾದರೋ ಮನುಷ್ಯನಿಗಿಂತ ಕೋಟಿಗಟ್ಟಲೆ ವರ್ಷ ಹಳೆಯದು. ಪೂರ್ಣಚಂದ್ರ ತೇಜಸ್ವಿಯವರು ಈ ಹೆಸರನ್ನು ಪುಸ್ತಕವೊಂದರ ಶೀರ್ಷಿಕೆಗೇ ಏರಿಸಿ ಸಾಹಿತ್ಯದ ಮನ್ನಣೆ ಕೊಟ್ಟರು. ಅದು ಚಿಟ್ಟೆಯಲ್ಲವೆಂದು ಕೀಟಶಾಸ್ತ್ರ ಹೇಳುತ್ತದೆ. ಓಡೊನೇಟಾ ಎಂಬ ಗಣದ್ದು ಅದು, ಕಡ್ಡಿಯಂತೆ ಸಣಕಲಾಗಿ, ಕೂತಾಗ ರೆಕ್ಕೆಗಳನ್ನು ಬೆನ್ನಿನ ಮೇಲೆ ಮಡಚಿಕೊಳ್ಳುವ ಡ್ಯಾಮ್ಸೆಲ್‌ಫ್ಲೈ ಅದರ ದಾಯಾದಿ. ಹಳ್ಳಿಯ ಮಕ್ಕಳು ಇದರ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಾರೆ, ಸಣ್ಣ ಕಲ್ಲು ಎತ್ತಿಸುತ್ತಾರೆ. ಜೈನರ ಮನೆಗಳಲ್ಲಿ ಎಷ್ಟೋ ಮಕ್ಕಳಿಗೆ ಹಿಂಸೆಯೆಂಬ ಶಬ್ದದ ಮೊದಲ ಪಾಠವಾಗುವುದು ಈ ದಾರ ಕಿತ್ತುಕೊಳ್ಳುವ ಅಜ್ಜಿಯ ಕೈಯಿಂದ.

ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವು ಜೀವಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುತ್ತದೆ. ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು. ನಾಲ್ಕನೆಯದು ಕಣ್ಣು. ಚತುರಿಂದ್ರಿಯಗಳ ಸಾಲಿನಲ್ಲಿ ಟೀಕಾಕಾರರು ನೊಣ, ಸೊಳ್ಳೆ, ಪತಂಗಗಳನ್ನು ಹೇಳುತ್ತಾರೆ. ಆ ಸಾಲಿಗೆ ಈ ಹುಳುವಿಗಿಂತ ಒಪ್ಪುವ ಉದಾಹರಣೆ ಮತ್ತೊಂದಿರಲಾರದು. ತಲೆಯ ಬಹುಪಾಲು ಕಣ್ಣೇ ಆದ ಜೀವವಿದು, ಕೆಲವು ಜಾತಿಗಳಲ್ಲಿ ಒಂದೊಂದು ಕಣ್ಣಿನಲ್ಲಿ ಮೂವತ್ತು ಸಾವಿರದಷ್ಟು ಪುಟ್ಟ ಮಸೂರಗಳಿವೆ. ಆದರೆ ಈ ಕಣ್ಣುಳ್ಳ ಜೀವ ತನ್ನ ಆಯುಷ್ಯದ ಹೆಚ್ಚಿನ ಭಾಗವನ್ನು ಕಳೆಯುವುದು ಆಕಾಶದಲ್ಲಲ್ಲ, ಕೆಸರು ನೀರಿನಲ್ಲಿ. ಬೇಸಾಯದ ಸಂಗತಿ ಇಲ್ಲಿಂದ ಆರಂಭವಾಗುತ್ತದೆ.

ತಾಯಿ ಹುಳು ನೀರಿಗೆ ಬಾಲವನ್ನು ತಾಗಿಸಿ ತಾಗಿಸಿ ಮೊಟ್ಟೆಯಿಡುವುದನ್ನು ಎಲ್ಲರೂ ನೋಡಿರುತ್ತಾರೆ. ಡ್ಯಾಮ್ಸೆಲ್‌ಫ್ಲೈಗಳು ಹಾಗಲ್ಲ, ಜೊಂಡು, ತಾವರೆ, ನೀರ ಹುಲ್ಲುಗಳ ಕಾಂಡವನ್ನು ಸೀಳಿ ಅದರೊಳಗೆ ಮೊಟ್ಟೆ ಸೇರಿಸುತ್ತವೆ. ಮೊಟ್ಟೆಯೊಡೆದ ಮರಿಗೆ ರೆಕ್ಕೆಯಿಲ್ಲ, ಕಿವಿರಿದೆ. ಕೆಳದುಟಿಯನ್ನು ಮಡಚಿದ ತೋಳಿನಂತೆ ಮುಖದ ಕೆಳಗೆ ಇಟ್ಟುಕೊಂಡು, ಸೊಳ್ಳೆಯ ಮರಿ ಬಂದಾಗ ಫಕ್ಕನೆ ಚಾಚಿ ಹಿಡಿಯುತ್ತದೆ. ಹೀಗೆ ಜಾತಿಯನ್ನನುಸರಿಸಿ ಕೆಲವು ವಾರಗಳೋ ಹಲವು ತಿಂಗಳುಗಳೋ ನೀರಿನಲ್ಲಿದ್ದು, ಪೊರೆ ಕಳಚುತ್ತ ಬೆಳೆದು, ಕೊನೆಗೊಂದು ರಾತ್ರಿ ಜೊಂಡಿನ ದಂಟನ್ನು ಹಿಡಿದು ಮೇಲೇರಿ, ಬೆನ್ನು ಸೀಳಿಕೊಂಡು ಹೊರಬರುತ್ತದೆ. ಮರುದಿನ ಬೆಳಗ್ಗೆ ದಂಟಿನ ಮೇಲೆ ಉಳಿಯುವುದು ಕಾಲುಗಳೂ ಕಣ್ಣಿನ ಅಚ್ಚೂ ಇರುವ ಟೊಳ್ಳಾದ ಪೊರೆ. ಹೊಸ ರೆಕ್ಕೆ ಗಟ್ಟಿಯಾಗುವವರೆಗೆ, ಮೈಗೆ ಬಣ್ಣ ಬರುವವರೆಗೆ ಅದು ನೀರಿನಿಂದ ದೂರ ಸರಿದು ಸುತ್ತಲಿನ ಹೊಲದ ಬದುವಿನ ಹುಲ್ಲಿನಲ್ಲಿ, ಬೇಲಿಯಲ್ಲಿ, ಪೊದೆಯಲ್ಲಿ ಕಾಲ ಹಾಕುತ್ತದೆ.

ಆದುದರಿಂದ ಈ ಹುಳುವಿಗೆ ಬೇಕಾದುದು ಕಟ್ಟೆಯೊಂದೇ ಅಲ್ಲ. ವಿಷವಿಲ್ಲದ ನೀರು, ಇಳಿಜಾರಾದ ಅಂಚು, ಅಂಚಿನಲ್ಲಿ ಹುಲ್ಲು, ಅಂಚಿನಾಚೆ ಪೂರ್ತಿ ಬೋಳಿಸದ ಬದು, ಇವೆಲ್ಲ ಒಂದಕ್ಕೊಂದು ಹತ್ತಿರವಿರಬೇಕು. ರೈತನು ಕಟ್ಟೆಯನ್ನು ಮುಟ್ಟದೆ ಹೊಲವನ್ನು ಮಾತ್ರ ಬದಲಿಸಿದರೂ ಹುಳುವಿನ ಮನೆಯ ಅರ್ಧ ಹೋದಂತೆಯೇ.

ಹಳೆಯ ಕ್ರಮದಲ್ಲಿ ಕೆರೆಯ ಹೂಳು ಬೇಸಗೆಯಲ್ಲಿ ಗಾಡಿ ಹೂಡಿದಷ್ಟು ಹೊರಬರುತ್ತಿತ್ತು. ಆ ಗೋಡುಮಣ್ಣು ಹೊಲಕ್ಕೆ ಗೊಬ್ಬರ, ಹೊಲಕ್ಕೆ ಬೇಕಾದಷ್ಟು ಎತ್ತಿದ ಮೇಲೆ ಉಳಿದುದು ಮುಂದಿನ ವರ್ಷಕ್ಕೆ. ಕೆರೆಯ ಕಾಮಗಾರಿಗೆ ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ ಎಂಬ ಶಾಸನಶಬ್ದಗಳ ಹಿಂದೆ ಇರುವುದು ಇಂತಹ ಮುಗಿಯದ, ನಿಧಾನದ ದುರಸ್ತಿ. ಆ ಜನ ಹುಳುವಿನ ಮೇಲಿನ ಕರುಣೆಯಿಂದ ಹಾಗೆ ಮಾಡಿದರೆಂದು ಹೇಳುವುದು ಸುಳ್ಳಾದೀತು. ಎತ್ತಿಗೂ ಆಳಿಗೂ ಅಷ್ಟೇ ಶಕ್ತಿಯಿತ್ತು. ಆದರೆ ಆ ದೌರ್ಬಲ್ಯದಿಂದಾಗಿ ಕೆರೆಯ ಒಂದು ಮೂಲೆ ಯಾವಾಗಲೂ ಅಗೆಯದೆ ಉಳಿಯುತ್ತಿತ್ತು, ಆ ಮೂಲೆಯ ಕೆಸರಿನಿಂದ ಕೆರೆ ಮತ್ತೆ ಜೀವಗೊಳ್ಳುತ್ತಿತ್ತು. ಈಗ ಜೆಸಿಬಿ ಎರಡು ಮೂರು ದಿನಗಳಲ್ಲಿ ಇಡೀ ಅಂಗಳವನ್ನು ತೆಗೆದು, ಅಂಚುಗಳನ್ನು ಗೋಡೆಯಂತೆ ನೆಟ್ಟಗೆ ಕೊಯ್ದು ಹೋಗುತ್ತದೆ. ಹೂಳೆತ್ತಿದ ಕೆರೆಯಲ್ಲಿ ನೀರು ಹೆಚ್ಚು ನಿಲ್ಲುತ್ತದೆ, ಅದು ಬೇಕಾದುದೇ. ಆದರೆ ಗೋಡೆಯಂತಹ ಅಂಚಿನಲ್ಲಿ ಜೊಂಡು ಬೇರೂರದು. ಜೊಂಡಿಲ್ಲದ ಕಡೆ ಮರಿಗೆ ಏರಲು ದಂಟಿಲ್ಲ, ಡ್ಯಾಮ್ಸೆಲ್‌ಫ್ಲೈಗೆ ಮೊಟ್ಟೆಯಿಡಲು ಕಾಂಡವಿಲ್ಲ.

2014ರಿಂದ ಕೃಷಿಭಾಗ್ಯ ಯೋಜನೆಯಡಿ ಕರ್ನಾಟಕದ ಮಳೆಯಾಶ್ರಿತ ಪ್ರದೇಶಗಳಲ್ಲಿ ಕೃಷಿಹೊಂಡಗಳು ಬಂದವು. ನಾಲ್ಕು ಮೂಲೆಯ ಗುಂಡಿ, ನೀರು ಇಂಗದಂತೆ ಒಳಗೆಲ್ಲ ಪ್ಲಾಸ್ಟಿಕ್ ಹೊದಿಕೆ. ಒಣಗುತ್ತಿರುವ ರಾಗಿಗೆ ಒಂದು ಸಲ ನೀರು ಕೊಡಬಲ್ಲ ಈ ಹೊಂಡವನ್ನು ಹಗುರವಾಗಿ ಮಾತಾಡುವ ಹಕ್ಕು ನಗರದ ನಿಸರ್ಗಪ್ರೇಮಿಗೆ ಇಲ್ಲ. ಆದರೂ ಅದು ಕಟ್ಟೆಗೆ ಸಮನಾದ ಬದಲಿಯಲ್ಲ. ಅಲ್ಲಿ ಬರುವ ಹುಳುಗಳು ಬೇರೆ. ಮಳೆಯೊಡನೆ ಬಂದು, ಸಿಕ್ಕ ನೀರಿನಲ್ಲಿ ಮೊಟ್ಟೆಯಿಟ್ಟು, ಒಂದೂವರೆ ಎರಡು ತಿಂಗಳಲ್ಲಿ ಮರಿ ಹಾರಿಹೋಗುವ ಪಂತಾಲ ಫ್ಲೇವೆಸೆನ್ಸ್‌ಗೆ ಪ್ಲಾಸ್ಟಿಕ್ ಹೊಂಡವೂ ಸಾಕು. ಈ ಹಳದಿ ಅಲೆಮಾರಿ ಹಿಂದೂ ಮಹಾಸಾಗರವನ್ನೇ ದಾಟಿ ಆಫ್ರಿಕಕ್ಕೆ ಹೋಗುತ್ತದೆಂದು ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದ ಮೇಲೆ ಲೋಕವೇ ಅದರತ್ತ ತಿರುಗಿತು. ಕಪ್ಪು ಬಿಳಿ ಚುಕ್ಕೆಗಳ ಬ್ರಾಡಿನೊಪೈಗ ಜೆಮಿನೇಟಕ್ಕೆ ಸಿಮೆಂಟು ತೊಟ್ಟಿ, ಬಂಡೆಯ ಮೇಲಿನ ದೊಣೆ ಸಾಕು. ಅದು ಕಗ್ಗಲ್ಲಿನ ಮೇಲೆ ರೆಕ್ಕೆ ಚಾಚಿ ಕೂತರೆ ಕಲ್ಲೂ ಹುಳುವೂ ಬೇರೆಯಾಗಿ ಕಾಣವು. ಬಸದಿಯ ಹೊರಗೋಡೆಯನ್ನು ಶಿಲ್ಪಕ್ಕಾಗಿ ನೋಡುವ ವಿದ್ಯಾರ್ಥಿ ಒಮ್ಮೊಮ್ಮೆ ಶಿಲ್ಪದ ಒಂದು ತುಣುಕು ಎದ್ದು ಹಾರಿದಂತೆ ಬೆಚ್ಚುವುದು ಇದರಿಂದಲೇ. ಆದರೆ ಹುಲ್ಲಿಲ್ಲದೆ ಬದುಕದ, ದೂರ ಹಾರಲಾರದ ಹಳದಿ ಡ್ಯಾಮ್ಸೆಲ್‌ಫ್ಲೈ ಸೆರಿಯಾಗ್ರಿಯನ್ ಕೋರಮಂಡೇಲಿಯಾನಮ್ ಅಲ್ಲಿ ನಿಲ್ಲುವುದು ಕಷ್ಟ. ಆ ಲ್ಯಾಟಿನ್ ಹೆಸರಿನಲ್ಲಿ ಚೋಳಮಂಡಲ ಅಡಗಿದೆಯೆಂಬುದು ಭಾಷೆಯ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಖುಷಿ. ಇನ್ನು ಊರಿನ ಚರಂಡಿ ಸೇರಿ ಕೆಟ್ಟ ಕೆರೆಗಳಲ್ಲಿ ಕಿತ್ತಳೆ ರೆಕ್ಕೆಯ ಬ್ರಾಕಿಥೆಮಿಸ್ ಕಂಟಾಮಿನೇಟ ಗುಂಪುಗುಂಪಾಗಿ ಕಾಣಿಸುತ್ತದೆ. ಹುಳು ಹಾರುತ್ತಿದೆಯೆಂದ ಮಾತ್ರಕ್ಕೆ ಕೆರೆ ಚೆನ್ನಾಗಿದೆಯೆಂದಲ್ಲ, ಯಾವ ಹುಳು ಎಂದು ಕೇಳಬೇಕು.

ಅಂಚು ಹೋದದ್ದು ಕಣ್ಣಿಗೆ ಕಾಣುತ್ತದೆ. ವಿಷ ಹಾಗಲ್ಲ. ಕೀಟನಾಶಕಕ್ಕೆ ರೈತರ ಬಾಯಲ್ಲಿರುವ ಶಬ್ದ ಔಷಧಿ. ಔಷಧಿ ಹೊಡೆಯುವುದು, ಔಷಧಿ ಅಂಗಡಿ, ಕಳೆಗೆ ಔಷಧಿ. ಧರ್ಮಗ್ರಂಥವು ವಿಷವೆಂದು ಕರೆದುದಕ್ಕೆ ಮಾರುಕಟ್ಟೆಯು ಅದರ ವಿರುದ್ಧಪದವನ್ನು ತೊಡಿಸಿದೆ. ಅರ್ಥಪಲ್ಲಟದ ಪಾಠ ಮಾಡುವ ಭಾಷಾಶಾಸ್ತ್ರದ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವನ್ನು ಬರೆದಾಗ ಗಿಡಕ್ಕೆ ಔಷಧಿಯೆಂದರೆ ಗಿಡದ ರೋಗಕ್ಕೆ ಔಷಧಿಯೇ ಆಗಿತ್ತು. (ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಈತ ಬೇರೆ. ಪರೀಕ್ಷೆಯ ಉತ್ತರಗಳಲ್ಲಿ ಇವರಿಬ್ಬರು ಇಂದಿಗೂ ಒಬ್ಬರಾಗುತ್ತಲೇ ಇದ್ದಾರೆ.) ಇಂದಿನ ಔಷಧಿ ಗಿಡವನ್ನು ದಾಟಿ ಹೋಗುತ್ತದೆ. ಮಳೆ ಬಂದಾಗ ಹೊಲದಿಂದ ತೊಳೆದುಬಂದುದು ತಗ್ಗಿನ ಕಟ್ಟೆಗೇ ಸೇರಬೇಕಷ್ಟೆ. ಬದುವಿಗೆ ಹೊಡೆದ ಕಳೆನಾಶಕ ರೆಕ್ಕೆ ಬಲಿಯದ ಹುಳುವಿನ ಆಸರೆಯನ್ನು ತೆಗೆದರೆ, ಹೊಲಕ್ಕೆ ಹೆಚ್ಚಾಗಿ ಚೆಲ್ಲಿದ ಯೂರಿಯ ಕಟ್ಟೆಗೆ ಬಂದು ಪಾಚಿಯನ್ನೂ ಅಂತರಗಂಗೆಯನ್ನೂ ಬೆಳೆಸಿ ನೀರಿನ ಉಸಿರನ್ನು ಕಟ್ಟಿಸುತ್ತದೆ.

ಈ ಮಾತಿಗೆ ಜಪಾನಿನ ಉದಾಹರಣೆಯನ್ನು ತರಬೇಕಾಗುತ್ತದೆ, ಏಕೆಂದರೆ ಅಲ್ಲಿ ಇದು ನೋಡನೋಡುತ್ತ ನಡೆಯಿತು. ಅಕಿತ್ಸುಶಿಮ ಎಂಬುದು ಆ ದೇಶದ ಪ್ರಾಚೀನ ಹೆಸರುಗಳಲ್ಲೊಂದು, ಏರೋಪ್ಲೇನ್ ಚಿಟ್ಟೆಯ ದ್ವೀಪವೆಂದು ಅದರ ಅರ್ಥ. ಅಲ್ಲಿ ಶರತ್ಕಾಲದ ಗದ್ದೆಗಳ ಮೇಲೆ ಕೆಂಪಾಗಿ ತುಂಬುತ್ತಿದ್ದ ಅಕಿಅಕಾನೆಯೆಂಬ ಜಾತಿ 1990ರ ದಶಕದ ಕೊನೆಯಿಂದ ಹಲವು ಪ್ರಾಂತಗಳಲ್ಲಿ ಕುಸಿಯಿತು. ಭತ್ತದ ಒಟ್ಟುಪೈರಿಗೆ, ನಾಟಿಗೆ ಮುನ್ನವೇ, ಟ್ರೇಗಳಲ್ಲಿ ಹಾಕುತ್ತಿದ್ದ ಫಿಪ್ರೊನಿಲ್, ಇಮಿಡಾಕ್ಲೊಪ್ರಿಡ್ ಎಂಬ ಕೀಟನಾಶಕಗಳತ್ತ ಸಂಶೋಧಕರು ಬೆರಳು ತೋರಿದರು. ಪ್ರಯೋಗಕ್ಕೆ ಮಾಡಿದ ಗದ್ದೆಗಳಲ್ಲಿ ಫಿಪ್ರೊನಿಲ್ ಬಳಸಿದ ಕಡೆ ಮರಿಗಳು ಉಳಿಯದೆ ಹೋದುದನ್ನು ಕಂಡರು. ಸಿಂಪಡಿಸಿದ ವಾಸನೆಯಿಲ್ಲ, ಸತ್ತು ಬಿದ್ದ ರಾಶಿಯಿಲ್ಲ. ಪೈರಿನ ಬೇರಿನೊಡನೆ ಗದ್ದೆಗೆ ಇಳಿದ ವಿಷವು ನೀರಿನೊಳಗಿನ ಮರಿಯನ್ನು ಕೊಂದಿತು, ಆಕಾಶ ಖಾಲಿಯಾದುದು ಮಾತ್ರ ಜನಕ್ಕೆ ತಿಳಿಯಿತು. ಅದೇ ಎರಡು ಹೆಸರುಗಳು ಕರ್ನಾಟಕದ ಔಷಧಿ ಅಂಗಡಿಗಳ ಕಪಾಟಿನಲ್ಲಿಯೂ ಇವೆ.

ಈಗ ಗ್ರಂಥಗಳ ಕಡೆಗೆ ಬರಬಹುದು. ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗ ಕಡ್ಡಾಯ, ಉದ್ಯೋಗದಲ್ಲಿ ತಪ್ಪದೆ ನಡೆದುಹೋಗುವ ಹಿಂಸೆಗೆ ಎಚ್ಚರವೇ ಮಿತಿ ಎಂಬುದು ಸಾಮಾನ್ಯ ನಿಲುವು. ಕೃಷಿಯನ್ನು ಆದಿದೇವನೇ ಕಲಿಸಿದನೆಂಬ ಕಥೆಯನ್ನು ಕನ್ನಡಿಗರು ಪಂಪನ ಆದಿಪುರಾಣದಿಂದಲೇ ಬಲ್ಲರು. ಆದುದರಿಂದ ಉಳುವವನು ಪಾಪಿಯೆಂದು ಜೈನಧರ್ಮ ಹೇಳುತ್ತದೆಂಬ ಪ್ರಚಲಿತ ಮಾತು ಅರೆಸತ್ಯ. ಆದರೆ ಶ್ರಾವಕನು ಜೀವನೋಪಾಯವಾಗಿ ಹಿಡಿಯಬಾರದ ಹದಿನೈದು ಕಸುಬುಗಳ ಪಟ್ಟಿಯೊಂದು ಪ್ರಾಚೀನವಾದುದು. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಅವು ಕರ್ಮಾದಾನಗಳು. ದಿಗಂಬರ ಪರಂಪರೆಯಲ್ಲಿ 13ನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದ ಐದನೆಯ ಅಧ್ಯಾಯದಲ್ಲಿ ಅವನ್ನು ಖರಕರ್ಮ, ಎಂದರೆ ಕ್ರೂರ ಕಸುಬುಗಳೆಂದು ಎತ್ತಿ ಹೇಳುತ್ತಾನೆ. ಆ ಹದಿನೈದರಲ್ಲಿ ಮೂರು ದೇವಲಾಪುರದ ಕಟ್ಟೆಯ ದಡದಲ್ಲಿ ನಿಂತು ಓದಿದರೆ ಮೈ ಜುಮ್ಮೆನ್ನುವಂತಿವೆ: ದವಪ್ರದ, ಎಂದರೆ ಹುಲ್ಲು ಕಾಡುಗಳಿಗೆ ಬೆಂಕಿಯಿಡುವುದು, ಸರಃಶೋಷ, ಎಂದರೆ ಕೊಳಗಳ ನೀರನ್ನು ಹರಿಸಿ ಬತ್ತಿಸುವುದು, ವಿಷವಾಣಿಜ್ಯ, ಎಂದರೆ ಜೀವಹಾರಕ ವಸ್ತುಗಳ ವ್ಯಾಪಾರ. ಬದು ಸುಡುವುದು, ಕಟ್ಟೆ ಬರಿದು ಮಾಡುವುದು, ಔಷಧಿ ಮಾರುವುದು.

ಗ್ರಂಥಕ್ಕೆ ಇಂದಿನ ಜೀವವಿಜ್ಞಾನ ಗೊತ್ತಿತ್ತೆಂದು ಎದೆ ತಟ್ಟಿಕೊಳ್ಳುವ ಬರಹಗಳು ಈಗ ಹೆಚ್ಚುತ್ತಿವೆ. ಅಂತಹ ಉತ್ಸಾಹಕ್ಕೆ ಇಲ್ಲಿ ಎಡೆಯಿಲ್ಲ. ಸರಃಶೋಷಕ್ಕೆ ಧಾನ್ಯ ಬಿತ್ತಲು ಜಲಾಶಯದ ನೀರನ್ನು ಕಾಲುವೆಯಿಂದ ಹೊರಗೆಳೆಯುವುದೆಂಬ ವಿವರಣೆಯೂ ವ್ಯಾಖ್ಯಾನಗಳಲ್ಲಿದೆ. ಅದನ್ನು ಅಕ್ಷರಶಃ ಹಿಡಿದರೆ ತೂಬೆತ್ತಿ ಗದ್ದೆಗೆ ನೀರು ಬಿಡುವ ಪ್ರತಿಯೊಬ್ಬನೂ ದೋಷಿ. ಕೆರೆ ಕಟ್ಟಿಸಿ, ಕೆರೆಯ ಕೆಳಗಣ ಗದ್ದೆಯನ್ನೇ ಬಸದಿಗೆ ದತ್ತಿ ಬಿಟ್ಟ ಹೊಯ್ಸಳರ ಜೈನ ದಂಡನಾಯಕರೂ ದೋಷಿಗಳು. ಕರ್ನಾಟಕದ ಶ್ರಾವಕರು ಈ ನಿಷೇಧವನ್ನು ಹಾಗೆ ಓದಲಿಲ್ಲ, ಓದಿದ್ದರೆ ಬಸದಿಗಳ ನಂದಾದೀವಿಗೆ ಉರಿಯುತ್ತಿರಲಿಲ್ಲ. ಬರ ಬರುವ ಸೀಮೆಯಲ್ಲಿ ಕೆರೆ ಕಟ್ಟಿಸುವುದು ಪುಣ್ಯವಾಗಿಯೇ ನಡೆಯಿತು. ಆಶಾಧರನಾದರೂ ಈ ಪಟ್ಟಿಯನ್ನು ತಲೆಯ ಮೇಲೆ ಹೊತ್ತವನಲ್ಲ. ಕೆಲವರು ಹೀಗೆ ಎಣಿಸುತ್ತಾರೆ, ಆದರೆ ಲೋಕದಲ್ಲಿ ದೋಷಯುಕ್ತ ಕರ್ಮಗಳು ಅಗಣಿತವಾಗಿರುವಾಗ ಎಣಿಸುವುದು ಸೊಗಸಲ್ಲ, ಬಹಳ ಮಂದಮತಿಗಳಿಗೆ ಬೇಕಾದರೆ ಹೇಳಬಹುದು ಎಂಬುದು ಅವನ ಅಭಿಪ್ರಾಯ. ಈ ಸಿಡುಕಿನ ಮಾತಿನಲ್ಲಿ ಪಟ್ಟಿಗಿಂತ ಹೆಚ್ಚಿನ ವಿವೇಕವಿದೆ. ಪೈರಿನ ಟ್ರೇಗೆ ಹಾಕಿದ ಹರಳು ಯಾವ ಪಟ್ಟಿಯಲ್ಲಿಯೂ ಬರಲಾರದು.

ಕೃಷಿವಿಜ್ಞಾನವೂ ಈ ಹುಳುವನ್ನು ಉಳಿಸಬೇಕೆನ್ನುತ್ತದೆ, ಆದರೆ ಅದರ ವಾದವೇ ಬೇರೆ. ಇದು ರೈತನ ಮಿತ್ರಕೀಟ, ಭತ್ತದ ಜಿಗಿಹುಳು, ಪತಂಗಗಳನ್ನು ತಿನ್ನುತ್ತದೆ, ಮರಿಯಾಗಿದ್ದಾಗ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. ಕೂರಲು ಗದ್ದೆಯಲ್ಲಿ ಕೋಲು ನೆಡಿ ಎಂದು ತಜ್ಞರು ಹೇಳುವುದುಂಟು. ಇಂಡೊನೇಷ್ಯದಲ್ಲಿ ಮಿತ್ರಕೀಟಗಳೆಲ್ಲ ಸತ್ತು ಕಂದು ಜಿಗಿಹುಳು ಮಿತಿಮೀರಿದಾಗ ಅಲ್ಲಿನ ಸರಕಾರ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. ಲೆಕ್ಕಾಚಾರದ ವಾದವಾದರೂ ಕೆಲಸ ಮಾಡಿದ ವಾದವದು.

ಜೈನ ಚಿಂತನೆಗೆ ಈ ವಾದ ಕಸಿವಿಸಿಯದು. ಏಕೆಂದರೆ ಏರೋಪ್ಲೇನ್ ಚಿಟ್ಟೆ ಹಿಂಸ್ರಜೀವಿ. ಮೊಟ್ಟೆಯೊಡೆದಂದಿನಿಂದ ಸಾಯುವವರೆಗೆ ಅದರ ಕೆಲಸ ಕೊಲ್ಲುವುದೇ. ಅದನ್ನು ಕಾಯುವುದೆಂದರೆ ಅದು ಕೊಲ್ಲುವ ಸಾವಿರಾರು ಚತುರಿಂದ್ರಿಯಗಳ ಸಾವಿಗೆ ಒಪ್ಪಿದಂತೆ ಆಗದೇ ಎಂದು ಜಾಣ ವಿದ್ಯಾರ್ಥಿಯೊಬ್ಬನು ಕೇಳಿಯಾನು. ಅಮೃತಚಂದ್ರಾಚಾರ್ಯನ ಪುರುಷಾರ್ಥಸಿದ್ಧ್ಯುಪಾಯವು ಈ ಪ್ರಶ್ನೆಯನ್ನು ಎದುರಿಸಿಯೇ ಮುಂದೆ ಹೋಗುತ್ತದೆ. ಒಂದು ಹಿಂಸ್ರಪ್ರಾಣಿಯನ್ನು ಕೊಂದರೆ ಹಲವು ಜೀವಗಳು ಉಳಿದಾವೆಂಬ ಲೆಕ್ಕದಿಂದಲೂ ಕೊಲ್ಲಕೂಡದೆಂದು ಆತ ಸ್ಪಷ್ಟವಾಗಿ ಹೇಳುತ್ತಾನೆ. ಲೆಕ್ಕ ಹಾಕುವ ಅಧಿಕಾರವನ್ನೇ ಮನುಷ್ಯನ ಕೈಯಿಂದ ತೆಗೆಯುವ ನಿಲುವಿದು. ಮಿತ್ರಕೀಟ, ಶತ್ರುಕೀಟವೆಂಬ ವಿಂಗಡಣೆ ಅದಕ್ಕೆ ಒಗ್ಗದು. ಮಿತ್ರನೆಂದು ಉಳಿಸಿದುದನ್ನು ನಾಳೆ ಪ್ರಯೋಜನ ತೀರಿದಾಗ ಬಿಡಬಹುದಲ್ಲವೇ? ಜೊಂಡಿನ ನಡುವೆ ಬೆರಳುದ್ದ ಹಾರಿ ಕೂರುವ ಹಳದಿ ಡ್ಯಾಮ್ಸೆಲ್‌ಫ್ಲೈಗೆ ಕೃಷಿವಿಜ್ಞಾನದ ಪುಸ್ತಕ ಕೊಡುವ ಆಶ್ರಯ ಅಲ್ಪ. ಅಮೃತಚಂದ್ರನ ಪುಸ್ತಕದಲ್ಲಿ ಅದಕ್ಕೆ ಪೂರ್ತಿ ಜಾಗವಿದೆ.

ಆದರೆ ಹೊಲವು ಗ್ರಂಥದಷ್ಟು ಸರಳವಲ್ಲ. ಮಂಡ್ಯ ಜಿಲ್ಲೆಯಲ್ಲಿ ಹಿಪ್ಪುನೇರಳೆ ತೋಟಗಳಿವೆ. ರೇಷ್ಮೆ ಹುಳು ಸಾಕುವವನು ತೋಟಕ್ಕೆ ಕೀಟನಾಶಕ ಹೊಡೆಯಲು ಅಂಜುತ್ತಾನೆ, ಹೊಡೆದರೂ ದಿನ ಎಣಿಸಿ ಕಾದು ಸೊಪ್ಪು ಕೊಯ್ಯುತ್ತಾನೆ, ಪಕ್ಕದ ಹೊಲದವನು ಔಷಧಿ ಹೊಡೆಯುವಾಗ ಗಾಳಿಯ ದಿಕ್ಕು ನೋಡಿ ಜಗಳಕ್ಕೆ ನಿಲ್ಲುತ್ತಾನೆ. ಇಂತಹ ತೋಟದ ಮಗ್ಗುಲಿನ ಕಟ್ಟೆಗೆ ಬರುವ ವಿಷ ಕಡಿಮೆ. ರೇಷ್ಮೆಯಾದರೋ ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಂದು ತೆಗೆಯುವ ನೂಲು, ಅಹಿಂಸೆಯ ಕಾರಣಕ್ಕೆ ಅದನ್ನು ಉಡದ ಜೈನರು ಅನೇಕರಿದ್ದಾರೆ. ಹುಳುವನ್ನು ಕೊಲ್ಲುವ ಕಸುಬಿನ ನೆರಳಿನಲ್ಲಿ ಮತ್ತೊಂದು ಹುಳು ಬದುಕುತ್ತದೆ. ಹುಳುವನ್ನೇ ಮುಟ್ಟದ, ಮಡಿಯಾದ, ತೆಂಗಿನ ಬುಡಕ್ಕೆ ಚೀಲಗಟ್ಟಲೆ ರಸಗೊಬ್ಬರ ಸುರಿದು ಕಳೆನಾಶಕದಿಂದ ನೆಲವನ್ನು ಗುಡಿಸಿದಂತಿಟ್ಟ ತೋಟದ ಕಟ್ಟೆ ಬರಿದಾಗಿರುತ್ತದೆ. ಯಾವುದು ಹಿಂಸೆಯ ಕಸುಬೆಂದು ದಡದಲ್ಲಿ ನಿಂತು ತೀರ್ಮಾನಿಸುವುದು ಸುಲಭವಲ್ಲ.

ಅದೇ ಸಾಗಾರಧರ್ಮಾಮೃತದ ಮೂರನೆಯ ಅಧ್ಯಾಯದಲ್ಲಿ ನೀರು ಸೋಸುವ ವ್ರತದ ಮಾತು ಬರುತ್ತದೆ. ಬೆಳಗ್ಗೆ ಬಟ್ಟೆಯನ್ನು ಮಡಿಸಿ ಬಿಂದಿಗೆಯ ಬಾಯಿಗಿಟ್ಟು ನೀರು ಸೋಸುವುದು ಜೈನ ಮನೆಯ ಗುರುತೇ ಆಗಿತ್ತು. ಆ ವ್ರತದ ದೋಷಗಳನ್ನು ಆಶಾಧರ ಹೇಳುತ್ತಾನೆ: ಎರಡು ಮುಹೂರ್ತ ಕಳೆದ ಮೇಲೆ ಮತ್ತೆ ಸೋಸದಿರುವುದು, ಕೆಟ್ಟ ಬಟ್ಟೆಯಿಂದ ಸೋಸುವುದು, ಸೋಸಿ ಉಳಿದುದನ್ನು ತಂದ ನೀರಿಗಲ್ಲದೆ ಬೇರೆ ಜಲಾಶಯಕ್ಕೆ ಚೆಲ್ಲುವುದು. ಮೊದಲ ಎರಡು ಕುಡಿಯುವವನಿಗೂ ಕ್ಷೇಮದ ಮಾತುಗಳು. ಮೂರನೆಯದರಲ್ಲಿ ಕುಡಿಯುವವನಿಗೆ ಏನೂ ಲಾಭವಿಲ್ಲ. ಬಟ್ಟೆಯ ಮೇಲೆ ಉಳಿದ, ಕಣ್ಣಿಗೆ ಕಂಡೂ ಕಾಣದ ಆ ಜೀವವು ಯಾವ ನೀರಿನದೋ ಅದೇ ನೀರಿಗೆ ಹೋಗಬೇಕು, ಬಾವಿಯದು ಬಾವಿಗೆ, ಕಟ್ಟೆಯದು ಕಟ್ಟೆಗೆ. ಒಂದು ನೀರಿನ ಜೀವ ಮತ್ತೊಂದು ನೀರಿನಲ್ಲಿ ಬದುಕದೆಂಬ ತಿಳಿವಳಿಕೆ ಆ ನಿಯಮದ ಒಳಗಿದೆ. ಬಿಂದಿಗೆ ಹೊತ್ತು ಬಂದವಳು ಬಟ್ಟೆಯನ್ನು ಹೊರಳಿಸಿ ನೀರು ಹಾಕಿ, ಆ ನೀರನ್ನು ಜೋಪಾನವಾಗಿ ಮತ್ತೆ ಹೊತ್ತು ಹೋಗಿ ಕಟ್ಟೆಗೆ ಬಿಡಬೇಕು.

ಈಗ ಅದೇ ಮನೆಗೆ ನಲ್ಲಿ ಬಂದಿದೆ, ನಲ್ಲಿಯ ಬಾಯಿಗೆ ಬಟ್ಟೆಯ ಚೀಲ ಕಟ್ಟಿದೆ. ಅದರಲ್ಲಿ ಉಳಿದುದನ್ನು ಯಾವ ನೀರಿಗೆ ಮರಳಿಸಬೇಕೆಂಬುದು ಮನೆಯವರಿಗೆ ತಿಳಿಯದು. ಕೊಳವೆಬಾವಿಯ ಸಾವಿರ ಅಡಿಯ ಆಳಕ್ಕೋ, ಹೇಮಾವತಿಗೋ? ಮನೆಯೊಡೆಯನು ಪೇಟೆಯಲ್ಲಿ ಗೊಬ್ಬರ, ಔಷಧಿಯ ಅಂಗಡಿಯಿಟ್ಟಿರಬಹುದು, ಅಥವಾ ಆ ಅಂಗಡಿಯ ಗಿರಾಕಿಯಾಗಿರಬಹುದು. ಅಷ್ಟಮಿ ಚತುರ್ದಶಿಗಳಲ್ಲಿ ಹಸುರು ಕಾಯಿಪಲ್ಲೆಯನ್ನು ಬಿಡುವವನು, ಸೂರ್ಯಾಸ್ತದ ಮೇಲೆ ಉಣ್ಣದವನು. ಅವನನ್ನು ಕಪಟಿಯೆಂದು ಕರೆಯುವುದು ಅನ್ಯಾಯ. ಅವನ ವ್ರತ ಬಿಂದಿಗೆಯ ಬಾಯಿಯವರೆಗೆ ಪೂರ್ಣವಾಗಿದೆ. ಅಲ್ಲಿಂದಾಚೆಗಿನ ನೀರು, ಹೊಲದಿಂದ ಇಳಿದು ಬದು ದಾಟಿ ಕಟ್ಟೆ ಸೇರುವ ನೀರು, ಅವನ ಹೆಸರಿನಲ್ಲಿದ್ದರೂ ವ್ರತದ ಲೆಕ್ಕಕ್ಕೆ ಬಂದೇ ಇಲ್ಲ. ಗ್ರಂಥದಲ್ಲಿ ಮೂರನೆಯ ಅಧ್ಯಾಯಕ್ಕೂ ಐದನೆಯ ಅಧ್ಯಾಯಕ್ಕೂ ನಡುವೆ ಕೆಲವು ಹಾಳೆಗಳ ದೂರ. ಬದುಕಿನಲ್ಲಿ ಆ ದೂರ ಹೆಚ್ಚಾಗಿದೆ.

ಆಷಾಢದಲ್ಲಿ ಮುನಿಗಳು ಒಂದೆಡೆ ನಿಲ್ಲುವ ವರ್ಷಾಯೋಗ ಆರಂಭವಾಗುತ್ತದೆ. ನೆಲದ ಮೇಲೆ ಜೀವಗಳು ಹೆಚ್ಚುವ ಕಾಲದಲ್ಲಿ ಹೆಜ್ಜೆಯಿಡದಿರುವ ನಿಯಮವದು. ಪಂತಾಲದ ಹಿಂಡು ಮಳೆಯ ಗಾಳಿಯೊಡನೆ ಬಯಲಿಗೆ ಇಳಿಯುವುದೂ ಆಗಲೇ. ಕಾರ್ತಿಕದಲ್ಲಿ ಚಾತುರ್ಮಾಸ ಮುಗಿದು ಮುನಿಗಳು ವಿಹಾರ ಹೊರಡುವ ಹೊತ್ತಿಗೆ ಅವೂ ಹೊರಟಿರುತ್ತವೆ. ರಾಗಿಯ ಕೊಯ್ಲು ಬರುತ್ತದೆ, ಕಟ್ಟೆಯ ನೀರು ಮೆಲ್ಲನೆ ಇಳಿಯುತ್ತದೆ. ಆ ದಿನಗಳಲ್ಲಿ ಜೆಸಿಬಿ ಮುಟ್ಟದೆ ಬಿಟ್ಟ ಮೂಲೆಯೊಂದು ಉಳಿದಿದ್ದರೆ, ಅಲ್ಲಿನ ಜೊಂಡಿನ ದಂಟುಗಳ ಮೇಲೆ ನೀರಿನಿಂದ ಗೇಣು ಎತ್ತರದಲ್ಲಿ ಬೆನ್ನು ಸೀಳಿದ ಪೊರೆಗಳು ಗಾಳಿಗೆ ಅಲುಗುತ್ತ ಅಂಟಿಕೊಂಡಿರುತ್ತವೆ, ಕೈ ಸೋಕಿದರೆ ಪುಡಿಯಾಗುವಷ್ಟು ಒಣಗಿ.